ಕಣ್ಣಿಗೆ ಬಟ್ಟೆ ಕಟ್ಟಿ ಓದಿಸಿದರೆ ಮೆದುಳು ಚುರುಕಾಗುತ್ತದೆಯೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಮಕ್ಕಳಿಗೆ ಮೆದುಳು ವಿಜ್ಞಾನದ ನಿಜವಾದ ದಾರಿ ಯಾವುದು?

ಶಾಲೆಗೆ ರಜೆ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೊ ಮತ್ತೆ ಓಡಾಡಲು ಶುರುವಾಗುತ್ತದೆ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡ ಮಗು ಪುಸ್ತಕ ಓದುತ್ತದೆ, ಬಣ್ಣ ಹೇಳುತ್ತದೆ, ನೋಟಿನ ನಂಬರ್ ಹೇಳುತ್ತದೆ. "ಮಿಡ್‌ಬ್ರೈನ್ ಆ್ಯಕ್ಟಿವೇಷನ್" ಎಂಬ ತರಬೇತಿಯಿಂದ ಇದು ಸಾಧ್ಯವಾಯಿತು, ನಿಮ್ಮ ಮಗುವನ್ನೂ ಸೇರಿಸಿ ಎನ್ನುವ ಮಾತು ಜೊತೆಗಿರುತ್ತದೆ. ಶುಲ್ಕ ಸಾವಿರಗಟ್ಟಲೆ. ಹೊಗೆಸೊಪ್ಪು ಮಾರಿದ ದುಡ್ಡು ಕೈಗೆ ಬಂದಿರುವ ಮನೆಯವರಿಗೆ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬೀಳುತ್ತಾನೇನೋ ಎಂಬ ಚಿಂತೆಯೂ ಇದ್ದರೆ, ಆಸೆ ಹುಟ್ಟುವುದು ಸಹಜ.

ಇದನ್ನು ಪರಿಶೀಲಿಸೋಣ. ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಹುಡುಕೋಣ. ಮೆದುಳಿನ ಹೆಸರಿನಲ್ಲಿ ಸುಳ್ಳು ನಮ್ಮ ಹಳ್ಳಿಯ ಫೋನಿಗೆ ಇಷ್ಟು ಸಲೀಸಾಗಿ ಬರುತ್ತದೆ. ಹಾಗಾದರೆ ನಿಜವಾದ ಮೆದುಳು ವಿಜ್ಞಾನ ನಮ್ಮ ಹೈಸ್ಕೂಲಿಗೆ ಬರುವುದು ಹೇಗೆ?

ಚುಟುಕಾಗಿ ಹೇಳುವುದಾದರೆ

• ಮಿಡ್‌ಬ್ರೈನ್ ಆ್ಯಕ್ಟಿವೇಷನ್ ಸುಳ್ಳು. ದುಡ್ಡು ಕೊಡಬೇಡಿ.
• ಮೆದುಳು ಮತ್ತು ನರಗಳ ವಿಜ್ಞಾನ ಕಲಿಯಲು ದೊಡ್ಡ ಊರು, ಇಂಗ್ಲಿಷ್ ಶಾಲೆ, ದುಬಾರಿ ಯಂತ್ರ ಇರಲೇಬೇಕೆಂದಿಲ್ಲ. ಹತ್ತನೇ ತರಗತಿಯ ಕನ್ನಡ ಪಠ್ಯವೇ ಮೊದಲ ಮೆಟ್ಟಿಲು.
• ಎಸ್ಸೆಸ್ಸೆಲ್ಸಿ ನಂತರ ಈ ಕ್ಷೇತ್ರಕ್ಕೆ ಹೋಗಲು ಡಾಕ್ಟರ್ ಆಗುವುದೊಂದೇ ದಾರಿಯಲ್ಲ. ಕನಿಷ್ಠ 5 ದಾರಿಗಳಿವೆ. ಅವುಗಳಲ್ಲಿ ಎರಡು ಮೈಸೂರಿನಲ್ಲೇ ಇವೆ.

ಕಣ್ಣುಪಟ್ಟಿಯ ಗುಟ್ಟು

ಮಿಡ್‌ಬ್ರೈನ್ ಎಂದರೆ ನಡುಮೆದುಳು. ಇದು ನಿಜವಾಗಿಯೂ ಇರುವ ಭಾಗ. ಕಣ್ಣುಗುಡ್ಡೆ ಅತ್ತಿತ್ತ ಹೊರಳುವುದು, ಸದ್ದು ಬಂದ ಕಡೆ ತಲೆ ತಿರುಗುವುದು, ಎಚ್ಚರವಾಗಿರುವುದು, ಕೈಕಾಲಿನ ಚಲನೆಯ ಹದ, ಇವುಗಳಲ್ಲಿ ಅದರ ಪಾತ್ರವಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಜೀವಕೋಶಗಳು ಇರುವುದು ಇಲ್ಲೇ. ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇರುವ ಭಾಗ ಇದು. ಇದನ್ನು ಹೊಸದಾಗಿ "ಆನ್" ಮಾಡುವ ಸ್ವಿಚ್ ಯಾವುದೂ ಇಲ್ಲ.

ಹಾಗಾದರೆ ಮಗು ಓದಿದ್ದು ಹೇಗೆ? ಕಣ್ಣಿಗೆ ಬಟ್ಟೆ ಕಟ್ಟಿದಾಗ ಮೂಗಿನ ಎರಡೂ ಬದಿಯಲ್ಲಿ ಸಣ್ಣ ಸಂದು ಉಳಿಯುತ್ತದೆ. ಮಗು ಅಲ್ಲಿಂದ ಕೆಳಗೆ ನೋಡುತ್ತದೆ. ವಿಡಿಯೊ ನೋಡುವಾಗ ಗಮನಿಸಿ: ಪುಸ್ತಕ ಯಾವಾಗಲೂ ಎದೆಯ ಮಟ್ಟದಲ್ಲೋ ಮಡಿಲಲ್ಲೋ ಇರುತ್ತದೆ. ಅದೇ ಪುಸ್ತಕವನ್ನು ತಲೆಯ ಮೇಲೆ ಅಥವಾ ಬೆನ್ನ ಹಿಂದೆ ಹಿಡಿದರೆ, ಇಲ್ಲವೇ ಗಲ್ಲದ ಕೆಳಗೆ ಒಂದು ರಟ್ಟು ಅಡ್ಡ ಇಟ್ಟರೆ ಓದು ನಿಂತುಹೋಗುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಗುಟ್ಟನ್ನು ವರ್ಷಗಳಿಂದ ಜನರ ಮುಂದೆ ಬಯಲು ಮಾಡುತ್ತಾ ಬಂದಿದ್ದಾರೆ.

ಇಲ್ಲಿ ಹೋಗುವುದು ದುಡ್ಡು ಮಾತ್ರವಲ್ಲ. ಸಂದಿನಿಂದ ನೋಡಿ "ಕಾಣದೇ ಓದಿದೆ" ಎಂದು ಹೇಳುವುದನ್ನು ಮಗು ಕಲಿಯುತ್ತದೆ. ಅಪ್ಪ ಅಮ್ಮ ಖುಷಿಪಡುತ್ತಾರೆಂದು ಆ ಸುಳ್ಳನ್ನು ಮುಂದುವರಿಸುತ್ತದೆ. ವಿಜ್ಞಾನ ಕಲಿಸುವುದು ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದನ್ನು.

ಜೊತೆಗೆ ಬರುವ ಇನ್ನೆರಡು ಫಾರ್ವರ್ಡ್‌ಗಳು

"ನಾವು ಮೆದುಳಿನ ಶೇ 10ರಷ್ಟನ್ನು ಮಾತ್ರ ಬಳಸುತ್ತೇವೆ." ಸುಳ್ಳು. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು, ಆದರೆ ನಾವು ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ಕೆಲಸ ಮಾಡದ ಆಳಿಗೆ ಯಾರೂ ಇಷ್ಟು ಕೂಲಿ ಕೊಡುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಮೆದುಳಿನ ಚಿಕ್ಕ ಭಾಗಕ್ಕೆ ಏಟಾದರೂ ಮಾತೋ ಕೈಯೋ ನಿಂತುಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಶೇ 90 ಖಾಲಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

"ಎಡ ಮೆದುಳಿನವರು ಲೆಕ್ಕದಲ್ಲಿ ಮುಂದು, ಬಲ ಮೆದುಳಿನವರು ಕಲೆಯಲ್ಲಿ ಮುಂದು." ಇದೂ ಸುಳ್ಳು. ಮಾತಿನಂಥ ಕೆಲವು ಕೆಲಸಗಳು ಒಂದು ಬದಿಗೆ ವಾಲಿರುವುದು ನಿಜ. ಆದರೆ ಮನುಷ್ಯರನ್ನು ಹೀಗೆ ಎರಡು ಜಾತಿ ಮಾಡಲು ಆಧಾರವಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಗುಂಪುಗಳು ಕಾಣಲಿಲ್ಲ. ಬೆರಳಚ್ಚು ನೋಡಿ ಮಗುವಿನ ಮೆದುಳು ಯಾವ ಬಗೆಯದು, ಯಾವ ಕೋರ್ಸ್ ಓದಬೇಕು ಎಂದು ಹೇಳುವವರಿಗೂ ಇದೇ ಉತ್ತರ.

ಮೆದುಳು ವಿಜ್ಞಾನ ನಮ್ಮ ಹೊಲದಲ್ಲೇ ಇದೆ

ನರವಿಜ್ಞಾನ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡದೊಳಗಿನ ವಿಷಯ ಎಂದು ಅನೇಕರು ತಿಳಿದಿದ್ದಾರೆ. ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಅದು ಮನೆಬಾಗಿಲಿನ ವಿಷಯ. ಹೇಗೆ ನೋಡಿ.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸಂದು ಇರುತ್ತದೆ. ಸುದ್ದಿ ದಾಟಬೇಕಾದರೆ ಒಂದು ರಾಸಾಯನಿಕ ಆ ಸಂದು ದಾಟಿ ಎದುರಿನ ಬಾಗಿಲು ತಟ್ಟಬೇಕು. ನರದಿಂದ ಸ್ನಾಯುವಿಗೆ "ಕೈ ಎತ್ತು" ಎಂಬ ಸುದ್ದಿ ಒಯ್ಯುವ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಅದು ಬಂದು ತಟ್ಟುವ ಬಾಗಿಲಿಗೆ ಗ್ರಾಹಕ ಎನ್ನುತ್ತಾರೆ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು: ಇಬ್ಬನಿ ಬಿದ್ದು ಒದ್ದೆಯಾದ ಸೊಪ್ಪು ಕೀಳುವವರಿಗೆ ತಲೆಸುತ್ತು, ವಾಂತಿ, ತಲೆನೋವು ಬರುವುದುಂಟು. ಸೊಪ್ಪಿನ ನಿಕೋಟಿನ್ ನೀರಿನೊಂದಿಗೆ ಚರ್ಮದ ಮೂಲಕ ಒಳಗಿಳಿಯುತ್ತದೆ. ಅಲ್ಲಿ ಅದು ಅಸಿಟೈಲ್‌ಕೋಲಿನ್‌ನ ಬಾಗಿಲನ್ನೇ ಕಳ್ಳಕೀಲಿಯಂತೆ ತೆರೆಯುತ್ತದೆ. ಇದನ್ನು ಹಸಿ ತಂಬಾಕು ಕಾಯಿಲೆ ಎನ್ನುತ್ತಾರೆ. ಕೈಗವಸು, ತುಂಬು ತೋಳಿನ ಅಂಗಿ ಹಾಕಿ, ಇಬ್ಬನಿ ಆರಿದ ಮೇಲೆ ಕಿತ್ತರೆ ತೊಂದರೆ ಕಡಿಮೆ. ಮಕ್ಕಳನ್ನಂತೂ ಈ ಕೆಲಸಕ್ಕೆ ಇಳಿಸಲೇಬಾರದು.

ಎಚ್.ಡಿ. ಕೋಟೆಯ ಹಾವು: ಕಾಡಂಚಿನ ಊರುಗಳಲ್ಲಿ ನಾಗರಹಾವು, ಕಟ್ಟುಹಾವುಗಳ ಭಯ ಗೊತ್ತಿದ್ದದ್ದೇ. ನಾಗರಹಾವಿನ ವಿಷ ಅದೇ ಬಾಗಿಲಿಗೆ ಬೀಗ ಜಡಿಯುತ್ತದೆ. ಕಟ್ಟುಹಾವಿನದು ಬೀಗ ಜಡಿಯುವುದರ ಜೊತೆಗೆ ಸುದ್ದಿ ಕಳಿಸುವ ನರದ ತುದಿಯನ್ನೂ ಕೆಡಿಸುತ್ತದೆ. ಸುದ್ದಿ ಸ್ನಾಯುವಿಗೆ ಮುಟ್ಟುವುದಿಲ್ಲ. ಮೊದಲು ಕಣ್ಣುರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಟ್ಟುಹಾವು ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಬೆಳಿಗ್ಗೆ ರೆಪ್ಪೆ ಎತ್ತಲಾಗದಿದ್ದರೆ ಅದು ನಿದ್ದೆಗಣ್ಣಲ್ಲ. ಮಂತ್ರ, ಬ್ಲೇಡು, ಬಿಗಿಯಾದ ಕಟ್ಟು ಯಾವುದೂ ಬೇಡ. ತಕ್ಷಣ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು.

ಕೆ.ಆರ್. ನಗರದ ಭತ್ತದ ಗದ್ದೆ: ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಇನ್ನೊಂದು ಆಟ ಆಡುತ್ತವೆ. ಕೆಲಸ ಮುಗಿಸಿದ ಅಸಿಟೈಲ್‌ಕೋಲಿನ್ ಅನ್ನು ಗುಡಿಸಿ ಹಾಕುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಬಾಗಿಲು ತಟ್ಟುವುದು ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ಸ್ನಾಯುಗಳ ಅದುರು, ಉಸಿರಾಟಕ್ಕೆ ತೊಂದರೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಇದೇ ಬಾಗಿಲುಗಳ ಒಂದು ಗುಂಪನ್ನು ಮುಚ್ಚುತ್ತದೆ.

ಮೂರು ಬೇರೆ ಬೇರೆ ಕಥೆಗಳು, ಒಂದೇ ಅಸಿಟೈಲ್‌ಕೋಲಿನ್. ವಿಜ್ಞಾನಿಗಳಿಗೂ ಈ ಬಾಗಿಲು ಗೊತ್ತಾಗಿದ್ದು ಹೀಗೆಯೇ. ಜೀವಕೋಶದ ಮೇಲೆ ರಾಸಾಯನಿಕವನ್ನು ಹಿಡಿಯುವ ವಸ್ತುವೊಂದು ಇರಬೇಕು ಎಂದು ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ಹೇಳಿದ್ದು ನಿಕೋಟಿನ್ ಬಳಸಿ ಮಾಡಿದ ಪ್ರಯೋಗಗಳಿಂದ. ಆ ಬಾಗಿಲಿಗೆ ಇಂದಿಗೂ ನಿಕೋಟಿನಿಕ್ ಗ್ರಾಹಕ ಎಂದೇ ಹೆಸರು. 1963ರಲ್ಲಿ ತೈವಾನ್‌ನ ಇಬ್ಬರು ವಿಜ್ಞಾನಿಗಳು ಕಟ್ಟುಹಾವಿನ ಜಾತಿಯ ಹಾವೊಂದರ ವಿಷದಿಂದ ಬೇರ್ಪಡಿಸಿದ ವಸ್ತು, ಮುಂದೆ ಆ ಗ್ರಾಹಕವನ್ನೇ ಹಿಡಿದು ತೆಗೆಯಲು ನೆರವಾಯಿತು. ಹೊಗೆಸೊಪ್ಪು ಮತ್ತು ಹಾವು, ನಮ್ಮ ಮಕ್ಕಳಿಗೆ ಎರಡೂ ಪರಿಚಿತ.

ಸ್ನಾನದ ಮನೆ, ಬೀಗದ ಕೈ ಮತ್ತು ಮೈಸೂರು ಸೀಮೆ

ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಫಿಟ್ಸ್ ಬರುವುದನ್ನು ಕೇಳಿದ್ದೀರಾ? ಇದು ದೆವ್ವವೂ ಅಲ್ಲ, ಶಾಪವೂ ಅಲ್ಲ. ಬಿಸಿನೀರಿನ ಅಪಸ್ಮಾರ ಎಂಬ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 279 ರೋಗಿಗಳ ವಿವರ ಕಲೆಹಾಕಿ 1988ರಲ್ಲಿ ಪ್ರಕಟಿಸಿದರು. ಜಗತ್ತಿನ ನರವಿಜ್ಞಾನ ಪುಸ್ತಕಗಳಲ್ಲಿ ಈ ಕಾಯಿಲೆಯ ಮಾತು ಬಂದಾಗ ನಮ್ಮ ಸೀಮೆಯ ಹೆಸರೂ ಬರುತ್ತದೆ. ನೀರಿನ ಬಿಸಿ ಇಳಿಸಿ, ಚೊಂಬಿನಿಂದ ನೆತ್ತಿಗೆ ಸುರಿಯುವುದನ್ನು ಬಿಟ್ಟರೆ ಅನೇಕರಿಗೆ ಗುಣ ಕಾಣುತ್ತದೆ. ಬೇಕಾದವರಿಗೆ ವೈದ್ಯರು ಮಾತ್ರೆ ಕೊಡುತ್ತಾರೆ.

ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಗಳಲ್ಲಿ ಅಪಸ್ಮಾರದ ರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದ ಚಿಕಿತ್ಸೆ ನೀಡಿದರು. ಆ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರು 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇತ್ತು.

ಇಷ್ಟಾದರೂ ಫಿಟ್ಸ್ ಬಂದವರ ಕೈಗೆ ಇಂದಿಗೂ ಬೀಗದ ಕೈ ತುರುಕುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಕಬ್ಬಿಣ ತಂದಿರುತ್ತಾರೆ, ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ಮಾಡಬೇಕಾದ್ದು ಇಷ್ಟು: ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತನೆಯದ್ದು ಇಡಿ, ಮಗ್ಗುಲಿಗೆ ಹೊರಳಿಸಿ, ಸಮಯ ನೋಡಿ. ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಸಹ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಇದು ಗೊತ್ತಿದ್ದರೆ ಇಡೀ ಬೀದಿಗೆ ಗೊತ್ತಿದ್ದಂತೆ. ಹೈಸ್ಕೂಲು ಮಕ್ಕಳಿಗೆ ಮೆದುಳು ವಿಜ್ಞಾನ ಬೇಕೆನ್ನಲು ಇಷ್ಟೇ ಕಾರಣ ಸಾಕು. ಅವರಲ್ಲಿ ಕೆಲವರು ಮುಂದೆ ವಿಜ್ಞಾನಿಯಾದರೆ ಅದು ಎರಡನೇ ಲಾಭ.

ತಡೆ ಎಲ್ಲಿದೆ?

ಬುದ್ಧಿಯಲ್ಲಿ ಅಲ್ಲ. ತಡೆ ಇರುವುದು ಬೇರೆ ಕಡೆ.

ಒಂದು, ಭಾಷೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಎಲ್ಲವೂ ಇಂಗ್ಲಿಷ್. ನರಕೋಶ ಎಂದು ಕಲಿತ ಹುಡುಗನಿಗೆ ನ್ಯೂರಾನ್ ಎಂದರೆ ಅದೇ ಎಂದು ಹೇಳುವವರು ಬೇಕು.

ಎರಡು, ದೂರ. ಊರಿನಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಸ್ಸು, ಅಲ್ಲಿಂದ ಮೈಸೂರಿಗೆ ಇನ್ನೊಂದು ಬಸ್ಸು. ಸಂಜೆ ಲ್ಯಾಬ್ ಮುಗಿಸಿ ಹೊರಟರೆ ಕೊನೆಯ ಬಸ್ಸು ಹೋಗಿರುತ್ತದೆ. ಹೆಣ್ಣುಮಕ್ಕಳ ವಿಜ್ಞಾನ ಎಷ್ಟೋ ಸಲ ನಿಲ್ಲುವುದು ಬಸ್ ಸ್ಟ್ಯಾಂಡಿನಲ್ಲಿ.

ಮೂರು, ಹಾಡಿಯ ಮಕ್ಕಳ ಹೆಚ್ಚಿನ ಹೊರೆ. ಜೇನುಕುರುಬ, ಕಾಡುಕುರುಬ, ಯರವ ಮಕ್ಕಳಿಗೆ ಮನೆಮಾತು ಬೇರೆ, ಶಾಲೆಯ ಕನ್ನಡ ಬೇರೆ, ಕಾಲೇಜಿನ ಇಂಗ್ಲಿಷ್ ಇನ್ನೂ ಬೇರೆ. ಎಚ್.ಡಿ. ಕೋಟೆಯ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಗಿರಿಜನ ಮಕ್ಕಳಿಗಾಗಿ ಶಾಲೆ ನಡೆಸುತ್ತಿದೆ. 1984ರಲ್ಲಿ ಈ ಸಂಸ್ಥೆ ಕಟ್ಟಿದವರು ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು. ಸರ್ಕಾರಿ ಆಶ್ರಮ ಶಾಲೆಗಳೂ ಇವೆ. ಶಾಲೆ ಇದ್ದರೂ, ನಮ್ಮವರೇ ಒಬ್ಬರು ಈ ದಾರಿಯಲ್ಲಿ ಹೋದರು ಎಂದು ತೋರಿಸಲು ಜನ ಬೇಕು.

ನಾಲ್ಕು, ಮಾಹಿತಿ. "ಸೈನ್ಸ್ ತಗೊಂಡರೆ ಡಾಕ್ಟರ್ ಇಲ್ಲವೇ ಇಂಜಿನಿಯರ್" ಎಂಬ ಮಾತು ಎಷ್ಟೋ ಮಕ್ಕಳನ್ನು ಹೆದರಿಸಿ ಹಿಂದೆ ಕಳಿಸುತ್ತದೆ.

ಖರ್ಚಿಲ್ಲದ ಎರಡು ಪ್ರಯೋಗ

ಎಸ್ಸೆಸ್ಸೆಲ್ಸಿ ವಿಜ್ಞಾನದ "ನಿಯಂತ್ರಣ ಮತ್ತು ಸಹಭಾಗಿತ್ವ" ಪಾಠಕ್ಕೆ ಇವನ್ನು ಜೋಡಿಸಿ.

ಸ್ಕೇಲ್ ಹಿಡಿಯುವುದು: ಗೆಳೆಯ 30 ಸೆಂ.ಮೀ. ಸ್ಕೇಲನ್ನು ನೇರವಾಗಿ ತೂಗಿಹಿಡಿಯಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಎರಡು ಬೆರಳು ಮುಟ್ಟದಂತೆ ಇರಲಿ. ಹೇಳದೆ ಬಿಟ್ಟಾಗ ಹಿಡಿಯಿರಿ. 15 ಸೆಂ.ಮೀ.ನಲ್ಲಿ ಹಿಡಿದರೆ ಕಣ್ಣಿನಿಂದ ಮೆದುಳಿಗೆ, ಮೆದುಳಿನಿಂದ ಕೈಗೆ ಸುದ್ದಿ ಹೋಗಿ ಬೆರಳು ಮುಚ್ಚಲು ಸುಮಾರು 0.175 ಸೆಕೆಂಡ್ ಬೇಕಾಯಿತು ಎಂದರ್ಥ. 20 ಸೆಂ.ಮೀ. ಆದರೆ ಸುಮಾರು 0.2 ಸೆಕೆಂಡ್. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ನಿದ್ದೆಗೆಟ್ಟ ಮರುದಿನ ಮತ್ತೆ ಮಾಡಿ. ಫೋನ್‌ನಲ್ಲಿ ಮಾತಾಡುತ್ತಾ ಮಾಡಿ. ಬೈಕ್ ಓಡಿಸುವಾಗ ಫೋನ್ ಏಕೆ ಬೇಡ ಎಂಬುದು ನಿಮ್ಮದೇ ಅಂಕಿಗಳಲ್ಲಿ ಕಾಣಿಸುತ್ತದೆ.

ಮಾಯವಾಗುವ ಚುಕ್ಕಿ: ಬಿಳಿ ಹಾಳೆಯಲ್ಲಿ ಎಡಕ್ಕೆ ಒಂದು ಕೂಡಿಸುವ ಚಿಹ್ನೆ, ಅದರ ಬಲಕ್ಕೆ 7 ಸೆಂ.ಮೀ. ದೂರದಲ್ಲಿ ಒಂದು ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 25–30 ಸೆಂ.ಮೀ.ಗೆ ಬಂದಾಗ ಚುಕ್ಕಿ ಕಾಣೆಯಾಗುತ್ತದೆ. ಅದರ ಬಿಂಬ ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗಕ್ಕೆ ಬಿದ್ದಿರುತ್ತದೆ, ಅಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಆದರೂ ನಿಮಗೆ ಅಲ್ಲೊಂದು ತೂತು ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಖಾಲಿ ಜಾಗವನ್ನು ಮೆದುಳು ತುಂಬಿಕೊಂಡಿತು.

ಎಸ್ಸೆಸ್ಸೆಲ್ಸಿ ನಂತರದ 5 ದಾರಿಗಳು

1. ವಾಕ್ ಮತ್ತು ಶ್ರವಣ: ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ದೇಶದ ಪ್ರಮುಖ ಸಂಸ್ಥೆ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೆ, ಕಿವಿ ಕೇಳದ ಮಕ್ಕಳಿಗೆ ನೆರವಾಗುವ ಪದವಿ ಕೋರ್ಸ್ ಇಲ್ಲಿದೆ. ಪಿಯುಸಿ ವಿಜ್ಞಾನದ ನಂತರ ಪ್ರವೇಶ ಪರೀಕ್ಷೆ.

2. ಮನಃಶಾಸ್ತ್ರ: ಆರ್ಟ್ಸ್ ತೆಗೆದುಕೊಂಡವರಿಗೂ ಬಾಗಿಲು ಮುಚ್ಚಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ "ಆಕಾಶವಾಣಿ" ರೇಡಿಯೊ ಆರಂಭಿಸಿದರು.

3. ತಂತ್ರಜ್ಞ ಮತ್ತು ನರ್ಸಿಂಗ್: ನಿಮ್ಹಾನ್ಸ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಇದೆ, ಕ್ಲಿನಿಕಲ್ ನ್ಯೂರೊಫಿಸಿಯಾಲಜಿ ಟೆಕ್ನಾಲಜಿ ಎಂಬ ಬಿಎಸ್ಸಿಯೂ ಇದೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಂಥ ಪರೀಕ್ಷೆ ಮಾಡುವವರು ಇವರೇ. ಬೇಗ ಕೆಲಸ ಬೇಕಾದ ಮನೆಯ ಮಕ್ಕಳಿಗೆ ಇದು ಒಳ್ಳೆಯ ದಾರಿ.

4. ಸಂಶೋಧನೆ: ಬಿಎಸ್ಸಿ, ಎಂಎಸ್ಸಿ ಮಾಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ನಿಮ್ಹಾನ್ಸ್‌ಗಳಲ್ಲಿ ಪಿಎಚ್‌ಡಿ ಮಾಡಬಹುದು. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಾರೆ. ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ಹಣ ಸಿಗುತ್ತದೆ.

5. ವೈದ್ಯಕೀಯ: ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರಾಜ್ಯ ಕೋಟಾದ ಸೀಟುಗಳಲ್ಲಿ 1ರಿಂದ 10ನೇ ತರಗತಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಇದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿ.

ದುಡ್ಡಿನ ನೆರವು

ಸರ್ಕಾರಿ ಮತ್ತು ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳು ಎನ್ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂ. ಸಿಗುತ್ತದೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಿರಬಾರದು. ಹೊಸ ಯೋಚನೆ ಕಳಿಸುವ ಶಾಲಾ ಮಕ್ಕಳಿಗೆ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ 10,000 ರೂ. ಇದೆ, ಹೆಸರು ಕಳಿಸಬೇಕಾದ್ದು ಶಾಲೆ. ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಕನ್ನಡದಲ್ಲೇ ಪ್ರಾಜೆಕ್ಟ್ ಮಂಡಿಸಬಹುದು. ಮೇಲೆ ಹೇಳಿದ ಸ್ಕೇಲ್ ಪ್ರಯೋಗ, ಹಸಿ ಹೊಗೆಸೊಪ್ಪಿನ ತೊಂದರೆಯ ಸಮೀಕ್ಷೆ ಎರಡೂ ಒಳ್ಳೆಯ ಪ್ರಾಜೆಕ್ಟ್‌ಗಳೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ಮಾಸಿಕ ಶಾಲೆಗೆ ಬರುವಂತೆ ನೋಡಿಕೊಳ್ಳಿ.

ಶಾಲಾ ಪ್ರವಾಸ ಬೆಂಗಳೂರಿಗಾದರೆ ಒಂದು ಬೆಳಗನ್ನು ನಿಮ್ಹಾನ್ಸ್‌ನ ಮೆದುಳು ವಸ್ತುಸಂಗ್ರಹಾಲಯಕ್ಕೆ ಇಡಿ. ಮನುಷ್ಯರ ನಿಜವಾದ ಮೆದುಳುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಹೆಲ್ಮೆಟ್ ಇಲ್ಲದೆ ಬಿದ್ದವರ ಮೆದುಳಿಗೆ ಏನಾಗುತ್ತದೆ ಎಂದು ಅಲ್ಲಿ ಕಂಡ ಮಗು ಮನೆಗೆ ಬಂದು ಅಪ್ಪನಿಗೆ ಹೇಳದೆ ಬಿಡುವುದಿಲ್ಲ. ಹೊರಡುವ ಮುನ್ನ ಫೋನ್ ಮಾಡಿ ದಿನ, ಸಮಯ ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ

ಕಣ್ಣುಪಟ್ಟಿಯ ವಿಡಿಯೊ ಮತ್ತೆ ಬಂದರೆ ಕಳಿಸಿದವರೊಂದಿಗೆ ಜಗಳ ಬೇಡ. ಅವರೂ ಮಗುವಿನ ಒಳ್ಳೆಯದಕ್ಕೇ ಕಳಿಸಿರುತ್ತಾರೆ. "ಪುಸ್ತಕವನ್ನು ತಲೆಯ ಮೇಲೆ ಹಿಡಿದು ಓದಿಸಿ ನೋಡೋಣ" ಎಂದಷ್ಟೇ ಬರೆಯಿರಿ. ಆಮೇಲೆ ಎನ್ಎಂಎಂಎಸ್ ಅರ್ಜಿಯ ಕೊನೆಯ ದಿನಾಂಕವನ್ನು ಶಾಲೆಯಲ್ಲಿ ಕೇಳಿ ಅದೇ ಗ್ರೂಪಿಗೆ ಹಾಕಿ. ಫಾರ್ವರ್ಡ್ ಮಾಡಲೇಬೇಕೆಂದರೆ ಅದನ್ನು ಮಾಡೋಣ.